ಎಬಿ ಮಾವ, ಓ ಸೊಸೆ

ನನ್ನನ್ನು ನೋಡಲು ಶಹಾಪುರದಿಂದ ಬಂದವರು ಜಾತಕ ಕೇಳಲಿಲ್ಲ, ರಕ್ತದ ಗುಂಪು ಕೇಳಿದರು.

ನಮ್ಮದು ಸುರಪುರ. ಅಪ್ಪ ಸರ್ಕಾರಿ ಶಾಲೆಯ ಮಾಸ್ತರ. ಬಂದವರು ಮೂವರು: ಹುಡುಗ, ಅವನ ತಾಯಿ, ಮತ್ತು ಶಹಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಅವನ ತಂದೆ. ಅವ್ವ ಕೊಟ್ಟ ಚುರುಮುರಿ ಸುಸಲಾ, ಮಿರ್ಚಿ ಭಜಿ ಮುಗಿಸಿ, ಚಹಾದ ಬಟ್ಟಲು ಕೆಳಗಿಟ್ಟು, ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

"ಮಾಸ್ತರ್ರ, ಹುಡುಗಿ ಯಾವ ಗ್ರೂಪ್?"

ಅಪ್ಪನ ಮುಖ ಸಣ್ಣಗಾಯಿತು. ಆಗ ಊರಿನಲ್ಲಿ ಚುನಾವಣೆ ಕಾವು. ಯಾರು ಯಾರ ಗುಂಪು ಎಂದು ಕೇಳುವುದೂ ಹೇಳುವುದೂ ಎರಡೂ ಅಪಾಯ.

"ನಾವು ಯಾವ ಗ್ರೂಪಿನಾಗೂ ಇಲ್ರಿ ಸಾವ್ಕಾರ್ರ. ನಾ ಸರ್ಕಾರಿ ನೌಕರ. ಓಟು ಹಾಕಿ ಸುಮ್ಮ ಮನಿಗಿ ಬರತೀವಿ."

"ಅದಲ್ರಿ. ರಕ್ತದ್ದು ಕೇಳಾಕತ್ತೀನಿ."

ಕಾಲೇಜಿನಲ್ಲಿ ಒಮ್ಮೆ ಎಲ್ಲರ ಬೆರಳು ಚುಚ್ಚಿ ಹೇಳಿದ್ದರಿಂದ ನನಗದು ಗೊತ್ತಿತ್ತು. ತಲೆ ತಗ್ಗಿಸಿಕೊಂಡೇ "ಓ ಅದರಿ" ಎಂದೆ. ಅವರು ಹೆಂಡತಿಯ ಮುಖ ನೋಡಿದರು. ಬೇಳೆಯಲ್ಲಿ ಹುಳ ಕಂಡವರ ಹಾಗೆ ಒಂದು ನಿಟ್ಟುಸಿರು ಬಿಟ್ಟರು.

ಅವರಿಗೆ ಈ ಹುಚ್ಚು ಹತ್ತಿದ್ದರ ಹಿಂದೆ ಕಾಲುವೆಯ ಕೈವಾಡವಿತ್ತು. ಕೃಷ್ಣೆಯ ನೀರು ಕಾಲುವೆಗೆ ಬಂದ ಮೇಲೆ ಶಹಾಪುರದ ಸುತ್ತ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು, ಜ್ವರದ ಹಿಂದೆ ರಕ್ತ ನೋಡುವ ಲ್ಯಾಬೊಂದು ಬಂದು ಅವರ ಅಂಗಡಿಯ ಎದುರಿಗೇ ಕೂತಿತು. ಲ್ಯಾಬಿನ ಗೋಡೆಗೆ, ಯಾವ ಗುಂಪಿನ ರಕ್ತ ಯಾವ ಗುಂಪಿಗೆ ಆಗುತ್ತದೆಂದು ತೋರಿಸುವ ಒಂದು ಚಿತ್ರ. ಓ ಎಂಬಲ್ಲಿಂದ ಎಲ್ಲ ಕಡೆಗೂ ಬಾಣ ಹೋಗಿದ್ದವು. ಎಬಿ ಎಂಬಲ್ಲಿಗೆ ಎಲ್ಲ ಕಡೆಯಿಂದಲೂ ಬಾಣ ಬಂದಿದ್ದವು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಗಲ್ಲಾದ ಮೇಲೆ ಕೂತು ಅದನ್ನೇ ನೋಡಿ ನೋಡಿ, ಅದು ವ್ಯಾಪಾರದ ಚಿತ್ರವೇ ಎಂದು ಅವರಿಗೆ ಖಾತ್ರಿಯಾಗಿತ್ತು. ಅವರದು ಎಬಿ. ಅಂಗಡಿ ಬೆಳೆದದ್ದು ಅದರಿಂದಲೇ ಎಂದು ಅವರ ನಂಬಿಕೆ.

"ತಪ್ಪು ತಿಳಕೋಬ್ಯಾಡ್ರಿ ಮಾಸ್ತರ್ರ," ಎಂದರು. "ಓ ಅಂದ್ರ ಎಲ್ಲರಿಗೂ ಕೊಡಾಕಿ. ನಮ್ದು ಕಿರಾಣಿ ಅಂಗಡಿ. ಓಣಿ ಮಂದಿ ಬಟ್ಟಲಾ ಹಿಡಕೊಂಡು ಸಕ್ಕರಿ ಬೇಡಾಕ ಬರತಾರ. ಈಕಿ ಕೊಡಕೋತ ಕುಂತ್ರ ಹ್ಯಾಂಗ?"

ಅಪ್ಪ ವಿಜ್ಞಾನದ ಮಾಸ್ತರ. ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಮಾತಾಡಿದಳು.

"ಕರದ್ರ ಓ ಅಂತಾಳ್ರಿ ನಮ್ಮ ಹುಡುಗಿ. ಸೊಸಿ ಅಂದಮ್ಯಾಲ ಇದಕ್ಕಿಂತ ಏನು ಬೇಕ್ರಿ?"

ಹುಡುಗ ಪಕ್ಕನೆ ನಕ್ಕ. ಅವನ ತಾಯಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಾವ್ಕಾರರು ಆ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುವವರ ಹಾಗೆ ತಲೆ ಓರೆ ಮಾಡಿ, "ಇದೂ ಖರೇನ ಅದ" ಎಂದರು. ಲಗ್ನ ಗಟ್ಟಿಯಾಯಿತು.

ಮಾವನ ಮನೆಯಲ್ಲಿ ಯಾವ ಮಾತು ಬಂದರೂ ಅದು ರಕ್ತಕ್ಕೇ ಹೋಗಿ ಮುಟ್ಟುತ್ತಿತ್ತು. ಅತ್ತೆಯದು ಬಿ. ಬಿ ಅಂದರೆ ಬಿಸಿ, ಅದಕ್ಕೇ ಆಕೆಗೆ ಸಿಟ್ಟು ಜಾಸ್ತಿ ಎಂದು ಮಾವ ಹೇಳುವರು. ನನ್ನ ಗಂಡನದು ಎ. ಅವರು ಬೆಳಿಗ್ಗೆ ತಡವಾಗಿ ಏಳುವುದಕ್ಕೂ ಎ ಕಾರಣ, ಏಳಲಾರದೆ ಎದ್ದವರು ಎಡಗಾಲಲ್ಲಿ ಹೊಸ್ತಿಲು ದಾಟುವುದಕ್ಕೂ ಎ ಕಾರಣ. ನಾನು ಪಕ್ಕದ ಮನೆಯವರಿಗೆ ಒಂದು ಹಿಡಿ ಕರಿಬೇವು ಕೊಟ್ಟರೆ "ಬಾಣ ಬಿಟ್ಟಳು" ಎನ್ನುವರು. ಬೈಯುತ್ತಿರಲಿಲ್ಲ. ಸೋರುವ ಛಾವಣಿಯ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿ, ಮುಂದಿನ ಕೆಲಸಕ್ಕೆ ಹೋಗುವರು.

ಮದುವೆಯಾಗಿ ಎರಡನೆಯ ಬೇಸಿಗೆಯಲ್ಲಿ ಒಂದು ಮಂಗ ಅಂಗಡಿಗೆ ನುಗ್ಗಿತು. ಶಹಾಪುರದ ಗುಡ್ಡದ ಮಂಗಗಳಿಗೆ ಯಾವ ಅಂಗಡಿಯಲ್ಲಿ ಬೆಲ್ಲ ಇಳಿದಿದೆ ಎಂಬುದು ನಮಗಿಂತ ಮೊದಲೇ ತಿಳಿಯುತ್ತಿತ್ತು. ಅದು ಅಚ್ಚು ಬೆಲ್ಲವನ್ನು ಬಗಲಿಗೆ ಒತ್ತಿಕೊಂಡು ಅಕ್ಕಿ ಚೀಲಗಳ ಅಟ್ಟಿಯ ತುದಿಗೇರಿತು. ಮಾವ ತಕ್ಕಡಿಯ ಸರಪಳಿ ಹಿಡಿದು ಹಿಂದೆಯೇ ಏರಿದರು. ಮಂಗ ಇಳಿಯಿತು. ಮಾವ ಬಿದ್ದರು. ತೊಡೆಯ ಮೂಳೆ ಮುರಿಯಿತು.

ಜೀಪಿನಲ್ಲಿ ಗುಲ್ಬರ್ಗಾಕ್ಕೆ ಒಯ್ದೆವು. ದಾರಿಯುದ್ದಕ್ಕೂ ಮಾವ ನರಳುತ್ತ, ಮಂಗ ಎಷ್ಟು ದೊಡ್ಡ ಬೆಲ್ಲ ಒಯ್ದಿತೆಂದು ಮತ್ತೆ ಮತ್ತೆ ಹೇಳಿದರು. ಅತ್ತೆಗೆ ಸಾಕಾಯಿತು.

"ಆ ಮಂಗ್ಯಾಂದೂ ನಿಮ್ದೇ ಗ್ರೂಪ್ ಇರಬೇಕು. ಬರೇ ತಗೊಂಡು ಹೋತು."

ಆಪರೇಷನ್ನಿಗೆ ರಕ್ತ ಬೇಕೆಂದರು. ನನ್ನ ಗಂಡನಿಗೆ ಆಗಷ್ಟೇ ಚಳಿಜ್ವರ ಬಿಟ್ಟಿತ್ತು, ಅವರದು ಬೇಡವೆಂದರು. ಅತ್ತೆಗೆ ರಕ್ತ ಕಡಿಮೆಯೆಂದರು. ಉಳಿದವಳು ನಾನು. ಕಬ್ಬಿಣದ ಮಂಚದ ಮೇಲೆ ಮಲಗಿಸಿ, ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು ಒತ್ತುತ್ತಿರು ಎಂದರು. ಆಮೇಲೆ ಬಿಸ್ಕೀಟು, ಚಹಾ. ನಾನು ಹೊರಗೆ ಬಂದಾಗ ಅತ್ತೆ ನನ್ನ ಕೆನ್ನೆ ಸವರಿ, ಮಾವನ ವಾರ್ಡಿನ ಕಡೆ ನೋಡಿ, ಮೆಲ್ಲಗೆ ಹೇಳಿದರು.

"ಇನ್ನೊಂದು ಬಾಟ್ಲಿ ಕೊಟ್ಟಿದ್ದರ ಛಲೋ ಆಗ್ತಿತ್ತವ್ವ. ನಿನ್ನ ಕೊಡೋ ಗುಣ ಅವರ ಬೇರಿನ ತನಕಾ ಇಳೀಬೇಕು."

ಮಾವ ಊರುಗೋಲು ಹಿಡಿದು ಮತ್ತೆ ಅಂಗಡಿಯಲ್ಲಿ ಕೂತಾಗ ಮಳೆಗಾಲ ಬಂದಿತ್ತು. ಮೊದಲ ದಿನವೇ ಶಾಲೆಗೆ ಹೋಗುವ ಮಕ್ಕಳಿಗೆ ಒಂದೊಂದು ಚೂರು ಬೆಲ್ಲ ಕೊಟ್ಟರು. ಕೊಟ್ಟವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ದೋರನಹಳ್ಳಿಯಿಂದ ಬಂದ ಮುದುಕಿಗೆ ತೊಗರಿಬೇಳೆ ತೂಗಿ, ತಕ್ಕಡಿ ಸಮ ನಿಂತ ಮೇಲೂ ಒಂದು ಹಿಡಿ ಹಾಕಿದರು. ಆಮೇಲೆ ಒಳಗೆ ಬಂದು ನನ್ನೆದುರು ನಿಂತರು.

"ತಂಗಿ, ನಿನ್ನ ರಕ್ತ ಕೆಲಸ ಮಾಡಾಕತ್ತದ."

"ಏನಾತ್ರಿ ಮಾವಾರ?"

"ಕೈ ತನ್ನಷ್ಟಕ್ಕ ತಾ ಹೋಗಾಕತ್ತದ."

ಹದಿನೆಂಟು ಓಣಿಗೂ ಸುದ್ದಿ ಹರಡಿತು. ಗಿರಾಕಿಗಳು ಚೀಲ ಬಿಚ್ಚುತ್ತಲೇ, "ಸೊಸಿ ರಗತ ಏರಿಸ್ಯಾರಂತಲ್ರಿ ಸಾವ್ಕಾರ್ರ, ಸಕ್ಕರಿ ಜರಾ ಕೈಬಿಟ್ಟು ಹಾಕ್ರಿ" ಎನ್ನತೊಡಗಿದರು. ಮಾವ ಹಾಕುವರು, ಹಾಕಿ ನನ್ನನ್ನು ದೂರುವರು. ಸಮಯ ನೋಡಿ ಅತ್ತೆಯೂ ಯಾದಗಿರಿಗೆ ಹೋಗಿ ಇಳಕಲ್ ಸೀರೆ ತಂದರು. ಮಾವ ಬೆಲೆ ಕೇಳಲಿಲ್ಲ. ಅತ್ತೆ ಆ ಸಂಜೆ ನನಗೆ ಶೇಂಗಾ ಹೋಳಿಗೆ ಮಾಡಿಕೊಟ್ಟರು.

ಕಾಲು ತೋರಿಸಲು ಮತ್ತೆ ಗುಲ್ಬರ್ಗಾಕ್ಕೆ ಹೋದಾಗ ಮಾವ ಡಾಕ್ಟರರ ಕೋಣೆಯಿಂದ ನೆಟ್ಟಗೆ ರಕ್ತ ಕೊಡುವ ಕೋಣೆಗೆ ನಡೆದರು. ಅಲ್ಲಿದ್ದವನು ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ.

"ನಮ್ಮ ಸೊಸಿ ರಕ್ತ ಏರಿಸೀರಿ. ಅದರ ಗುಣ ಎಷ್ಟು ದಿನ ಇರತದ?"

ಅವನು ನನ್ನನ್ನು ನೋಡಿದ, ಮಾವನನ್ನು ನೋಡಿದ.

"ಇವರ ರಕ್ತ ನಿಮಗೆಲ್ಲಿ ಏರಿಸೀವ್ರಿ ಯಜಮಾನ್ರ? ನೀವು ಒಂದು ಕೊಡ್ತೀರಿ, ನಾವು ಇದ್ದದ್ದರಾಗ ನಿಮ್ಮ ಗ್ರೂಪಿಗಿ ಹೊಂದೋದು ಒಂದು ಕೊಡ್ತೀವಿ. ಅದಲಿ ಬದಲಿ. ನಿಮಗ ಏರಿಸಿದ್ದು ಬ್ಯಾರೆಯವರದು."

"ಯಾರದು?"

"ಅದು ಹೇಳಂಗಿಲ್ರಿ."

ಮಾವ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ, ಮೊಟ್ಟೆಯ ಹೆಸರು ಹೇಳಲೂ "ಅದು" ಎನ್ನುವ ಮನುಷ್ಯ. ದನಿ ತಗ್ಗಿಸಿದರು.

"ಹೆಸರು ಬ್ಯಾಡ. ಕೊಟ್ಟಾಂವ ಏನು ಉಣ್ಣಾಂವ, ಅಷ್ಟು ಹೇಳ್ರಿ."

"ಊಟ ಕೇಳಿ ರಕ್ತ ತಗೋಳಂಗಿಲ್ರಿ," ಎಂದು ಅವನು ಮತ್ತೆ ಚೀಟಿಗೆ ಕೈ ಹಾಕಿದ.

ಬಸ್ಸು ಜೇವರ್ಗಿ ದಾಟುವ ತನಕ ಮಾವ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನನಗೆ ನಗು ಬರುತ್ತಿತ್ತು, ಜೊತೆಗೆ ಸ್ವಲ್ಪ ಬೇಜಾರೂ ಆಗಿತ್ತು. ಅಷ್ಟು ದಿನ ಆ ಮನೆಯಲ್ಲಿ ನನ್ನ ರಕ್ತಕ್ಕೊಂದು ಬೆಲೆ ಬಂದಿತ್ತು. ಈಗ ಅದು ಹೆಸರು ಗೊತ್ತಿಲ್ಲದ ಯಾರ ಮೈಯಲ್ಲೋ ಓಡಾಡುತ್ತಿತ್ತು. ಕಡೆಗೆ ಮಾವನೇ ಕೇಳಿದರು.

"ಹಂಗಾದ್ರ ಬೆಲ್ಲ ಕೊಟ್ಟಾಂವ ಯಾರು?"

"ನೀವೇರಿ ಮಾವಾರ."

"ನಾ ಹಂಗ ಕೊಡೋ ಮನುಷ್ಯ ಅಲ್ಲ," ಎಂದರು. ಹೇಳುವಾಗ ನಿಜಕ್ಕೂ ಗಾಬರಿಯಾದಂತಿತ್ತು.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡು, "ಯಾರದೋ ಪುಣ್ಯಾತ್ಮಂದು. ಮತ್ತ ಆರಾಮ ಅದೀರಲ್ಲ, ಉಣ್ಣಾಕ ಏಳ್ರಿ" ಎಂದರು. ಕೊಟ್ಟವನು ಏನು ತಿನ್ನುವವನೋ ಎಂಬ ಚಿಂತೆ ಮಾವನನ್ನು ಒಂದು ವಾರ ಕಾಡಿತು. ಕಾಯಿಪಲ್ಯೆಯೇ ರುಚಿಸುತ್ತಿದೆಯೆಂದು ದಿನವೂ ಊಟಕ್ಕೆ ಕೂತು ಖಾತ್ರಿ ಮಾಡಿಕೊಂಡರು. ಬದನೆಕಾಯಿ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡ ದಿನ ಸಮಾಧಾನವಾಯಿತು. ಮಕ್ಕಳಿಗೆ ಬೆಲ್ಲ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಯಾರ ರಕ್ತ ಎಂದು ಯಾರಾದರೂ ಕೇಳಿದರೆ, "ಯಾರೋ ದೊಡ್ಡ ಮನುಷ್ಯಾಂದು" ಎನ್ನುವರು.

ಕಾಲು ಬಹಳ ಹೊತ್ತು ಕೂತರೆ ನೋಯುತ್ತಿತ್ತು. ಹಾಗಾಗಿ ಮಧ್ಯಾಹ್ನದ ಹೊತ್ತು ಗಲ್ಲಾದ ಮೇಲೆ ನಾನು ಕೂರತೊಡಗಿದೆ. ನಾನು ಮಾಸ್ತರನ ಮಗಳು. ತಕ್ಕಡಿಯ ಮುಳ್ಳು ನಡುವೆ ನಿಂತರೆ ಸರಿ, ಅದಕ್ಕಿಂತ ಒಂದು ಕಾಳು ಹೆಚ್ಚು ಹಾಕಲು ನನಗೆ ಕೈ ಬರುತ್ತಿರಲಿಲ್ಲ. ಒಂದು ದಿನ ಓಣಿಯ ಇಬ್ಬರು ಹೆಂಗಸರು ಸಕ್ಕರೆಗೆ ಬಂದರು. ನನ್ನನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾವ್ಕಾರ್ರು ಎಲ್ಲದಾರವ್ವ?"

"ಉಣ್ಣಾಕತ್ಯಾರ. ಏನು ಬೇಕಿತ್ತು?"

"ಅವಸರಿಲ್ಲ ಬಿಡು. ಅವರು ಉಂಡು ಬರ್ಲಿ," ಎಂದು ಇಬ್ಬರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.