ಗುಡ್ಡದ ಕಡೆಯಿಂದ ಬಾರದ ನೀರು

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳಲ್ಲಿ ನಾನು ಮಸ್ಕತ್ತಿನ ಹಮ್ರಿಯಾದಲ್ಲಿ ಮೂವರ ಜೊತೆ ಫ್ಲಾಟ್ ಹಂಚಿಕೊಂಡು, ಕೇಬಲ್ ಹೂಳುವ ಕಂಪನಿಯೊಂದರಲ್ಲಿ ಸರ್ವೇಯರ್ ಆಗಿದ್ದೆ. ನನಗೆ ಗೊತ್ತಿಲ್ಲ ಎಂಬ ಮಾತು ಆಗ ನನ್ನ ಬಾಯಲ್ಲಿ ಸುಲಭಕ್ಕೆ ಬರುತ್ತಿರಲಿಲ್ಲ.

ಒಮ್ಮೆ ಮರಳುಗಾಡಿನ ಅಂಚಿನ ಒಂದು ಪುಟ್ಟ ಊರಿಗೆ ಕಳಿಸಿದರು. ನಲವತ್ತೋ ಐವತ್ತೋ ಮನೆ, ಸುತ್ತ ಖರ್ಜೂರದ ತೋಟ, ಪಶ್ಚಿಮಕ್ಕೆ ಒಂದು ಕರಿಯ ಬೋಳು ಗುಡ್ಡ, ಪೂರ್ವಕ್ಕೆ ಬರೀ ಕಲ್ಲುಚೂರಿನ ಬಯಲು, ಅದರಾಚೆ ದೂರದಲ್ಲಿ ಬೆಟ್ಟಸಾಲು. ಇಷ್ಟೂ ಬದುಕಿದ್ದುದು ಒಂದೇ ಒಂದು ಫಲಜಿನಿಂದ. ನೆಲದಡಿಯ ಸುರಂಗದಲ್ಲಿ ಹರಿದು ಬಂದು ಊರ ಬುಡದಲ್ಲಿ ಹೊರಬೀಳುವ ಕಾಲುವೆಗೆ ಅಲ್ಲಿ ಫಲಜ್ ಎನ್ನುತ್ತಾರೆ. ಕೇಬಲ್ ಚರಂಡಿ ಆ ಸುರಂಗಕ್ಕೆ ತಾಗದ ಹಾಗೆ ಗುರುತು ಹಾಕುವುದು ನನ್ನ ಕೆಲಸ.

ನೀರು ಹಂಚುತ್ತಿದ್ದವರು ಒಬ್ಬ ಮುದುಕರು. ಪ್ರಾಯದಲ್ಲಿ ಮತ್ರಾದ ಬಂದರಿನಲ್ಲಿ ದುಡಿದು ಹಿಂದಿ ಕಲಿತಿದ್ದರು. ನೆಟ್ಟ ಕೋಲಿನ ನೆರಳು ಕಲ್ಲಿಂದ ಕಲ್ಲಿಗೆ ಸರಿದ ಹಾಗೆ ಒಂದೊಂದು ತೋಟಕ್ಕೆ ನೀರು ತಿರುಗಿಸುತ್ತಿದ್ದರು. ಊರ ಮೇಲ್ಭಾಗದಲ್ಲಿ ಬಿದ್ದುಹೋದ ಮಣ್ಣಿನ ಮನೆಗಳ ಸಾಲು ತೋರಿಸಿ, “ನಾನು ಸಣ್ಣವನಿದ್ದಾಗ ಸುರಂಗ ಒಳಗೆ ಕುಸಿಯಿತು. ಬಿಡಿಸುವಷ್ಟರಲ್ಲಿ ಅವರ ತೋಟವೆಲ್ಲ ಒಣಗಿತ್ತು. ಹೋದವರು ತಿರುಗಿ ಬರಲಿಲ್ಲ,” ಎಂದರು. ಆಮೇಲೆ, “ಬಾ, ಸುರಂಗ ಎಲ್ಲಿಂದ ಬರುತ್ತದೆ ಎಂದು ನಡೆದು ತೋರಿಸುತ್ತೇನೆ,” ಎಂದರು.

ನನಗೆ ಅವಸರ, ಮೇಲೆ ಹಾಳು ಅಹಂಕಾರ. ನಾನು ಪುತ್ತೂರಿನ ಕಡೆಯವನು. ನಮ್ಮ ಮನೆ ಹಿಂದಿನ ಗುಡ್ಡಕ್ಕೇ ಸುರಂಗ ಕೊರೆದು ನೀರು ತಂದದ್ದು. “ನಮ್ಮಲ್ಲೂ ಇದೆ ಬಾಬಾ, ನನಗೆ ಗೊತ್ತು,” ಎಂದೆ. ಸುರಂಗದ ಬಾಯಲ್ಲಿ ಇಣುಕಿದರೆ ಹತ್ತು ಹೆಜ್ಜೆ ಗುಡ್ಡದತ್ತಲೇ ಹೋಗಿತ್ತು. ಸಾಕಲ್ಲ! ಸುರಂಗ ಆ ಕಡೆಗೇ ಎಂದು ನಕ್ಷೆಯಲ್ಲಿ ಗೆರೆ ಎಳೆದು, ಪೂರ್ವದ ಬಯಲಿನಲ್ಲಿ ಅಗೆಯಲು ಸುಣ್ಣದ ಗುರುತು ಹಾಕಿಸಿದೆ.

ಮರುದಿನ ಬೆಳಿಗ್ಗೆ ಯಂತ್ರ ಅಗೆಯತೊಡಗಿತು. ನಾನು ಚಹಾದ ಲೋಟ ಹಿಡಿದು ಬಯಲಿನಲ್ಲಿ ಅಡ್ಡಾಡುತ್ತಿದ್ದೆ. ಒಂದು ಚಪ್ಪಡಿಗೆ ಕಾಲು ಎಡವಿತು. ಸುತ್ತ ಮಣ್ಣು ಮೆತ್ತಿ ಮುಚ್ಚಿದ್ದ ಚಪ್ಪಡಿ. ಸ್ವಲ್ಪ ದೂರದಲ್ಲಿ ಇನ್ನೊಂದು. ಅದರಾಚೆ ಮತ್ತೊಂದು. ಸುರಂಗಕ್ಕೆ ಇಳಿಯುವ ಬಾವಿಗಳ ಬಾಯಿ ಅವು, ದೂರದ ಬೆಟ್ಟಸಾಲಿನಿಂದ ನೆಟ್ಟಗೆ ನಮ್ಮ ಚರಂಡಿಯತ್ತ ಬಂದಿದ್ದವು. ಬಾಯಿಂದ ಹತ್ತು ಹೆಜ್ಜೆಯಾಚೆ ಸುರಂಗ ಪೂರ್ವಕ್ಕೆ ತಿರುಗಿತ್ತು; ಪಶ್ಚಿಮದ ಆ ಬೋಳು ಗುಡ್ಡದಲ್ಲಿ ನೀರು ಎಲ್ಲಿಂದ ಬರಬೇಕು? ಲೋಟ ಎಸೆದು ಓಡಿದೆ.

ಕೈ ಬೀಸಿದೆ, ಕೂಗಿದೆ. ಯಂತ್ರದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಾನು ಮುಟ್ಟುವ ಮೊದಲು ಬಕೆಟ್ ಇನ್ನೊಮ್ಮೆ ಇಳಿಯಿತು.

ಬಂಟ್ವಾಳದ ಆಪರೇಟರ್ ತಾನೇ ನಿಲ್ಲಿಸಿ ತಲೆ ಹೊರಹಾಕಿದ. “ಎಂತ ಸಾರ್ ಇದು? ಒದ್ದೆ ಮಣ್ಣು ಬರ್ತಾ ಉಂಟು. ಅಡಿಯಲ್ಲಿ ಎಂತದಾದ್ರೂ ಉಂಟಾ?”

ಚರಂಡಿಯ ತಳ ಒಂದು ಮೊಳ ಕುಸಿದಿತ್ತು. ಊರ ಬುಡದಲ್ಲಿ ನೀರು ಕೆಂಪಾಯಿತು, ಸಣ್ಣಗಾಯಿತು, ಕೊನೆಗೆ ನೂಲಿನಷ್ಟಾಯಿತು. ಹೆಂಗಸರು ಖಾಲಿ ಬಿಂದಿಗೆ ಹಿಡಿದು ನಿಂತಿದ್ದರು. ಯಾರಾದರೂ ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು. ಮುದುಕರು ಹತ್ತಿರದ ಚಪ್ಪಡಿ ಎತ್ತಿಸಿ ಇಬ್ಬರನ್ನು ಹಗ್ಗದಲ್ಲಿ ಇಳಿಸಿದರು. ನಾನೂ ಇಳಿಯುತ್ತೇನೆಂದರೆ ಬೇಡವೆಂದು ಕೈ ಆಡಿಸಿದರು. ಬುಟ್ಟಿಬುಟ್ಟಿ ಕೆಸರು ಮೇಲೆ ಬಂತು. ಕೆಳಗಿದ್ದವರ ತಲೆಯ ಮೇಲೆ ಉಳಿದ ಮಣ್ಣೂ ಬಿದ್ದರೆ ಎಂಬ ಭಯದಲ್ಲೇ ನಾನು ಬುಟ್ಟಿಯ ಹಗ್ಗಕ್ಕೆ ಕೈಗೊಟ್ಟೆ. ಕೋಲಿನ ನೆರಳು ಮುಂದಿನ ಕಲ್ಲು ಮುಟ್ಟುವ ಹೊತ್ತಿಗೆ ನೀರು ಭುಸ್ಸೆಂದು ಬಂತು. ತಿಳಿಯಾಗಲು ಇನ್ನಷ್ಟು ಹೊತ್ತು ಹಿಡಿಯಿತು.

ಕೆಟ್ಟುಹೋದ ಆ ಸರದಿ ಒಬ್ಬ ವಿಧವೆಯ ತೋಟದ್ದಾಗಿತ್ತು. ಮುಂದಿನದು ಮುದುಕರದೇ. ಅದು ತಪ್ಪಿದರೆ ಅವರಿಗೆ ಮತ್ತೆ ಸರದಿ ಬರುವುದು ಹನ್ನೆರಡು ದಿನಕ್ಕೆ. ಅವರ ತೋಟದಲ್ಲಿ ಆ ವರ್ಷ ನೆಟ್ಟ ಸಸಿಗಳು ಸಾಲಾಗಿ ಬಾಡಿ ನಿಂತಿದ್ದವು.

“ನನ್ನ ಸರದಿ ಅವಳಿಗೆ ಹೋಗಲಿ,” ಎಂದರು ಮುದುಕರು.

“ಬಾಬಾ, ತಪ್ಪು ನನ್ನದು. ನಾನೇನು ಮಾಡಲಿ?”

ಅವರು ಒಂದು ಕಲ್ಲನ್ನೂ ಹಳೇ ಬಟ್ಟೆಯ ಉಂಡೆಯನ್ನೂ ನನ್ನ ಕೈಗಿಟ್ಟು ತಮ್ಮ ತೋಟದ ತೂಬು ತೋರಿಸಿದರು.

“ಇದನ್ನು ನೀನು ಮುಚ್ಚು.”

ನಾನು ಮೊಣಕಾಲೂರಿ ಮುಚ್ಚಿದೆ. ಒಂದು ಹನಿಯೂ ಅವರ ಸಸಿಗಳ ಕಡೆ ಹೋಗದ ಹಾಗೆ, ಗಟ್ಟಿಯಾಗಿ.