ಮಂದೆಗೆ ಸೇರುವ ಮುನ್ನ

ಮಾಸ್ಕ್‌ಗಳು ಮುಖದಿಂದ ಇಳಿದು ಜೇಬು ಸೇರಿದ್ದ ವರ್ಷ ಅದು. ಚಿತ್ರದುರ್ಗದ ಒಂದು ಸಣ್ಣ ವಿಮಾ ಸಲಹಾ ಕಚೇರಿಯಲ್ಲಿ ನಾನು ಕ್ಲೇಮ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಆಸ್ಪತ್ರೆಯ ಖರ್ಚು ಕೊಡಿ ಎಂದು ವಿಮಾ ಕಂಪನಿಯ ಮುಂದಿಡುವ ಬೇಡಿಕೆಗೆ ಕ್ಲೇಮ್ ಎನ್ನುತ್ತಾರೆ. ಕಂಪನಿ ಕೊಡುವುದಿಲ್ಲ ಎಂದಾಗ ಅದರೊಡನೆ ವಾದಕ್ಕೆ ನಿಲ್ಲುವುದು ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಗೆದ್ದವಳು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ತೆಗೆದುಕೊಂಡಿದ್ದರು. ತಿರಸ್ಕಾರದ ಪತ್ರಗಳನ್ನೇ ಓದಿ ಓದಿ, ನಂಬಬಹುದಾದ ಆರೋಗ್ಯ ವಿಮೆ ಎಂಬುದೇ ಜಗತ್ತಿನಲ್ಲಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಕೇಳಿದವರಿಗೆಲ್ಲ ಅದನ್ನು ವಾದಿಸಿ ತೋರಿಸುತ್ತಲೂ ಇದ್ದೆ. ವಿಮೆ ಮಾರಿ ಬದುಕುವ ನಮ್ಮ ಮ್ಯಾನೇಜರ್‌ಗೆ ಇದರಿಂದ ಎಷ್ಟು ಸಂತೋಷವಾಗುತ್ತಿತ್ತೋ ನೀವೇ ಊಹಿಸಿ.

ಆ ಬೇಸಿಗೆಯಲ್ಲಿ ಐಮಂಗಲದಿಂದ ತಿಪ್ಪೇಸ್ವಾಮಿ ಎಂಬುವವರು ಹೆಂಡತಿ ಓಬಮ್ಮನವರ ಜೊತೆ ಬಂದರು. ಕುರಿ ಸಾಕುವ ಮನೆತನದವರು. ಕೊಲ್ಲಿಯ ದೇಶವೊಂದರಲ್ಲಿ ಒಬ್ಬ ಶೇಖನ ಕುರಿ ಫಾರಂ ನೋಡಿಕೊಳ್ಳಲು ಹರೆಯದಲ್ಲೇ ಹೋದವರು ಈಗ ಅರವತ್ತೈದರ ಹೊಸ್ತಿಲಲ್ಲಿದ್ದರು. ಫಾರಂನ ಮಂದೆಯನ್ನು ತಳಿ ಆರಿಸಿ ಆರಿಸಿ ಬೆಳೆಸಿದ್ದು ತಾವೇ ಎಂಬ ಹೆಮ್ಮೆ ಅವರ ಮಾತಿನಲ್ಲಿ ಆಗಾಗ ಇಣುಕುತ್ತಿತ್ತು. ಹಣ ಸಾಕಷ್ಟಾಗಿತ್ತು, ಊರಲ್ಲಿ ಮನೆಯೂ ಇತ್ತು. ಆದರೂ ಮಂದೆ ಬಿಟ್ಟು ಬರಲು ಮನಸ್ಸಿರಲಿಲ್ಲ. ಓಬಮ್ಮನವರೂ ಅಲ್ಲೇ ಫಾರಂನ ಕ್ವಾರ್ಟರ್ಸ್‌ನಲ್ಲಿ ಬದುಕು ಹೂಡಿದ್ದರು.

ತೊಡಕು ಇಷ್ಟೇ. ಕೆಲಸಗಾರರಿಗೆಲ್ಲ ಸೇರಿಸಿ ಫಾರಂ ಮಾಡಿಸಿದ್ದ ಗ್ರೂಪ್ ಪಾಲಿಸಿ ಅರವತ್ತೈದು ತುಂಬಿದವರನ್ನು ಹೊರಗಿಡುತ್ತಿತ್ತು. ಸ್ವಂತ ವಿಮೆ ಮಾಡಿಸಿಕೊಂಡು ಬಂದರೆ ಕೆಲಸ ಉಂಟು, ಇಲ್ಲವಾದರೆ ಇಲ್ಲ ಎಂದು ಫಾರಂನಿಂದ ಹೇಳಿ ಕಳಿಸಿದ್ದರು. ರಜೆ ಮುಗಿಯುವುದರೊಳಗೆ ಇದು ಆಗಬೇಕು. ಅಲ್ಲಿನ ಬ್ರೋಕರ್ ಒಬ್ಬ ಆಗಲೇ ಒಂದು ಪಾಲಿಸಿ ತೋರಿಸಿದ್ದ. ವೈದ್ಯಕೀಯ ಪರೀಕ್ಷೆ ಇಲ್ಲ, ವರದಿ ಇಲ್ಲ, ಆರೋಗ್ಯವಾಗಿದ್ದೇನೆ ಎಂದು ಒಂದು ಸಹಿ ಹಾಕಿದರೆ ಮರುದಿನವೇ ವಿಮೆ. ಅದರ ಇಂಗ್ಲಿಷನ್ನು ಓದಿ, ಒಳ್ಳೆಯದೋ ಕೆಟ್ಟದ್ದೋ ಹೇಳಿದರೆ ಸಾಕು ಎಂದರು ತಿಪ್ಪೇಸ್ವಾಮಿ.

ಮೊದಲು ನಾನು ಎಲ್ಲರಿಗೂ ಕೇಳುವುದನ್ನೇ ಕೇಳಿದೆ. ಹಿಂದೆ ಏನಾದರೂ ಕಾಯಿಲೆ?

“ಏನೂ ಇಲ್ಲ ಬಿಡವ್ವ. ಕಲ್ಲುಗುಂಡು ಇದ್ದಂಗೆ ಇದೀನಿ.”

ಓಬಮ್ಮ ತಲೆ ಎತ್ತಿ ಫ್ಯಾನ್ ನೋಡಿದರು. ನಮ್ಮ ಕಚೇರಿ ಇರುವುದು ಮೊದಲನೇ ಮಹಡಿಯಲ್ಲಿ. ಕಲ್ಲುಗುಂಡು ಆ ಒಂದು ಮೆಟ್ಟಿಲ ಸಾಲು ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನೋಡಿದ್ದೆ. ಹಾಗಾಗಿ ಅದೇ ಪ್ರಶ್ನೆಯನ್ನು ಓಬಮ್ಮನವರಿಗೆ ಕೇಳಿದೆ.

“ದಾವಣಗೆರೆ ವಿಷ್ಯ ಹೇಳ್ರಿ ಮತ್ತೆ. ನಾನು ಹೇಳಿದ್ರೆ ನಿಮಗೆ ಸಿಟ್ಟು ಬರ್ತೈತೆ,” ಎಂದರು ಅವರು ಗಂಡನಿಗೆ.

ಹಿಂದಿನ ರಜೆಯಲ್ಲಿ ಎದೆನೋವು ಬಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಫಾರಂನಲ್ಲಿ ಯಾರಿಗೂ ಇದು ತಿಳಿಯದು. ತಿಳಿದರೆ ಮನೆಗೆ ಕಳಿಸುತ್ತಾರೆಂಬ ಭಯ.

ನನಗೆ ಹುರುಪು ಬಂತು. ವಿಮೆಯ ಭಾಷೆಯಲ್ಲಿ ಇದು ಪ್ರೀ-ಎಕ್ಸಿಸ್ಟಿಂಗ್ ಡಿಸೀಸ್, ಅಂದರೆ ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. ಅದನ್ನು ಮುಚ್ಚಿಟ್ಟದ್ದು ಗೊತ್ತಾದರೆ ಇಡೀ ಪಾಲಿಸಿಯನ್ನೇ ರದ್ದು ಮಾಡಬಹುದು ಎಂಬ ಸಾಲು ಬ್ರೋಕರ್ ಕಳಿಸಿದ ಕಾಗದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ವಿಮೆ ಇಲ್ಲದಿದ್ದರೆ ಇವರಿಗೆ ಕೆಲಸವಿಲ್ಲ. ಸುಳ್ಳು ವಿಮೆ ಇದ್ದರೆ ಪರದೇಶದ ಆಸ್ಪತ್ರೆಯಲ್ಲಿ ಇವರ ಕಡೆ ಯಾರೂ ಇಲ್ಲ. ಇದನ್ನೇ ಚೆನ್ನಾಗಿ ಜೋಡಿಸಿ ಮಂಡಿಸಿದೆ. ತಿಪ್ಪೇಸ್ವಾಮಿ ತಾಳ್ಮೆಯಿಂದ ಕೇಳಿದರು. ಆಮೇಲೆ ಶುರು ಮಾಡಿದರು.

“ನೋಡವ್ವ, ಸಂತ್ಯಾಗೆ ಟಗರು ಕೊಳ್ಳೋನು ಹಲ್ಲು ನೋಡ್ತಾನೆ, ಬೆನ್ನು ಅಮುಕಿ ನೋಡ್ತಾನೆ, ನಾಕು ಹೆಜ್ಜೆ ನಡೆಸಿ ನೋಡ್ತಾನೆ. ಹಗ್ಗ ಕೈ ಬದಲಾದ ಮ್ಯಾಲೆ ಮಾತಿಲ್ಲ. ಕೆಮ್ಮು ಐತೆ ಅಂತ ಮಾರೋನು ಕೂಗಿ ಹೇಳ್ತಾನೇನು? ಈ ಕಂಪನ್ಯೋರು ನನ್ನ ಮೈ ಮುಟ್ಟಿ ನೋಡ್ಲಿಲ್ಲ. ಅದು ಅವ್ರ ತಪ್ಪು.”

ಸಂತೆಯಲ್ಲಿ ಇದು ನ್ಯಾಯವಾದ ಕಟ್ಟಳೆ. ಮೋಸ ಎಂದು ಯಾರೂ ಅನ್ನುವುದಿಲ್ಲ. ನಾನು ಕಾನೂನು ಹೇಳಿದೆ, ಅವರು ಸಂತೆ ಹೇಳಿದರು. ನಾನು ತಿರಸ್ಕಾರಗೊಂಡ ಕ್ಲೇಮ್‌ಗಳ ಕಥೆ ಹೇಳಿದೆ. ಕಣ್ಣು ಬಿಟ್ಟು ನೋಡಿ ಕೊಳ್ಳದ ಕಂಪನಿ ಆಮೇಲೆ ಅತ್ತರೆ ನೀನೇಕೆ ಅದರ ಕಣ್ಣೊರೆಸುತ್ತೀಯ ಎಂದರು. ಯಾವ ಕಂಪನಿಯನ್ನೂ ನಂಬಲಾಗದು ಎಂದು ಬೇಸತ್ತು ಹೇಳಿಬಿಟ್ಟೆ. ಅದಕ್ಕೆ ಅವರು, ಹಾಗಾದರೆ ನಿಮ್ಮ ಮನೆಯಲ್ಲಿ ಯಾರಿಗೂ ವಿಮೆ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. “ಅಡಿಗೆ ಭಟ್ರು ಉಪವಾಸ,” ಎಂದು ಹೆಂಡತಿಯ ಕಡೆ ತಿರುಗಿ ನಕ್ಕರು. ಪಕ್ಕದ ಮೇಜಿನಲ್ಲಿ ಮ್ಯಾನೇಜರ್ ಕೂಡ ನಕ್ಕಿದ್ದು ನನಗೆ ಕೇಳಿಸಿತು.

ವಾದದಲ್ಲಿ ಎದುರಾಳಿಯ ನೆಲ ಗಟ್ಟಿಯಿದ್ದರೆ ಅವನ ನೆಲದಲ್ಲೇ ನಿಂತು ಪ್ರಶ್ನೆ ಕೇಳಬೇಕು ಎಂದು ನಮಗೆ ಕಲಿಸಿದ್ದರು. ಹಾಗಾಗಿ ಕೇಳಿದೆ: ಕುರಿಯ ಕಾಯಿಲೆಯನ್ನು ಕೂಗಿ ಹೇಳಲೇಬೇಕಾದ ಸಂದರ್ಭ ಒಂದೂ ಇಲ್ಲವೇ?

ಓಬಮ್ಮ ಬಾಯಿ ಬಿಟ್ಟರು. ಮೇವು ಹುಡುಕಿ ದೂರ ಹೋಗುವಾಗ ನಾಲ್ಕಾರು ಮನೆಯವರ ಕುರಿಗಳನ್ನು ಒಂದೇ ಮಂದೆ ಮಾಡುತ್ತಾರಂತೆ. ಒಂದು ವರ್ಷ ತಿಪ್ಪೇಸ್ವಾಮಿಯ ಸ್ವಂತ ತಮ್ಮ ತನ್ನ ಕುರಿಗೆ ಕಜ್ಜಿ ಇದ್ದದ್ದನ್ನು ಹೇಳದೆ ಮಂದೆಗೆ ಬಿಟ್ಟಿದ್ದ. ಅದು ತಿಳಿದ ಕೂಡಲೇ ಇವರು ಅವನ ಕುರಿಗಳನ್ನೆಲ್ಲ ಹೊರಗೆ ಹಾಕಿದ್ದರು. ಹೆತ್ತ ಅವ್ವ ಅತ್ತು ಕರೆದರೂ ಮತ್ತೆ ಸೇರಿಸಲಿಲ್ಲ.

“ಮಂದೆಗೆ ಬಿಡಾದು ಬ್ಯಾರೆ, ಮಾರಾದು ಬ್ಯಾರೆ,” ಎಂದು ಗೊಣಗಿದರು ತಿಪ್ಪೇಸ್ವಾಮಿ.

ಅಷ್ಟು ಸಾಕಾಗಿತ್ತು. ವಿಮೆ ಮಾರಾಟವಲ್ಲ ಎಂದೆ. ಸಾವಿರ ಜನ ತಮ್ಮ ತಮ್ಮ ಪಾಲು ತಂದು ಒಂದೆಡೆ ಹಾಕುತ್ತಾರೆ, ಬಿದ್ದವನಿಗೆ ಅದರಿಂದ ಕೊಡುತ್ತಾರೆ. ಕಂಪನಿ ಆ ಮಂದೆ ಕಾಯುವವನು, ಕೊಳ್ಳುವವನಲ್ಲ. ನೀವು ಟಗರು ಮಾರುತ್ತಿಲ್ಲ, ಮಂದೆಗೆ ಸೇರುತ್ತಿದ್ದೀರಿ.

“ಇದನ್ನ ಮೊದ್ಲೇ ಹೇಳಾದಲ್ಲೇನವ್ವ, ಇಷ್ಟೊತ್ತು ಇಂಗ್ಲಿಷ್ ಓದಿದೆ,” ಎಂದರು ತಿಪ್ಪೇಸ್ವಾಮಿ.

ನಾನು ಅವರನ್ನು ಮೆಚ್ಚಲು ತೊಡಗಿದ್ದು ಅಲ್ಲಿಂದ. ಎಷ್ಟೋ ಜನ ವಾದದಲ್ಲಿ ಸೋಲುತ್ತಾರೆ. ಮನಸ್ಸು ಬದಲಿಸುವವರು ಕಡಿಮೆ. ಇವರು ಬದಲಿಸಿದ ಮೇಲೆ ಅರ್ಧಕ್ಕೆ ನಿಲ್ಲಲಿಲ್ಲ. ವಿಮೆ ಆರಿಸುವ ಉಪಾಯವನ್ನೂ ಅವರೇ ತೆಗೆದರು. ಎಲ್ಲ ಕಡೆ ಫೋನ್ ಮಾಡಿ ಮೊದಲು ಸ್ಟೆಂಟ್ ವಿಷಯ ಹೇಳುವುದು, ಬೆಲೆ ಕೊನೆಗೆ ಕೇಳುವುದು. ಮರುದಿನ ನಮ್ಮ ಕಚೇರಿಯಿಂದಲೇ ಫೋನ್ ಮಾಡಿದೆವು. ಅದನ್ನೆಲ್ಲ ಎಲ್ಲೂ ಬರೆಯಬೇಡಿ ಅಂಕಲ್, ಯಾರು ನೋಡುತ್ತಾರೆ ಎಂದ ಬ್ರೋಕರ್. ಇನ್ನೊಂದು ಕಂಪನಿಯವರು ವಯಸ್ಸು ಕೇಳಿದ ಕೂಡಲೇ ಎಲ್ಲದಕ್ಕೂ ಹೌದು ಹೌದು ಎಂದರು. ಅದನ್ನೇ ಬರೆದು ಕಳಿಸಿ ಎಂದಾಗ ಫೋನ್ ಕಟ್ಟಾಯಿತು. ಮೂರನೆಯ ಕಡೆ ಒಬ್ಬ ಹೆಂಗಸು ಹಿಂದಿಯಲ್ಲಿ ಮಾತಾಡಿದರು. ಸ್ಟೆಂಟ್ ಹಾಕಿದ್ದು ಯಾವಾಗ, ಯಾವ ಮಾತ್ರೆ, ಆಮೇಲೆ ನೋವು ಬಂತೇ ಎಂದು ಕೇಳಿ, ದಾವಣಗೆರೆಯ ವರದಿ ತರಿಸಿಕೊಂಡರು. ಹೀಗೆ ಮೊದಲೇ ಎಲ್ಲ ಪರಿಶೀಲಿಸುವುದನ್ನು ಮೆಡಿಕಲ್ ಅಂಡರ್‌ರೈಟಿಂಗ್ ಎನ್ನುತ್ತಾರೆ. ಎರಡು ದಿನ ಬಿಟ್ಟು ಉತ್ತರ ಬಂತು. ಮೊದಲ ಎರಡು ವರ್ಷ ಹೃದಯಕ್ಕೆ ಸಂಬಂಧಿಸಿದ ಯಾವುದಕ್ಕೂ ಹಣ ಸಿಗುವುದಿಲ್ಲ, ಇದೇ ವೇಟಿಂಗ್ ಪಿರಿಯಡ್. ಉಳಿದ ಕಾಯಿಲೆಗಳಿಗೆ ಮೊದಲಿನಿಂದಲೂ ರಕ್ಷಣೆ. ವಯಸ್ಸಾಯಿತೆಂದು ಮುಂದೆ ನವೀಕರಣ ನಿಲ್ಲಿಸುವುದಿಲ್ಲ. ಫಾರಂಗೆ ಹತ್ತಿರದ ಆಸ್ಪತ್ರೆಯಲ್ಲಿ ಇವರು ಕೈಯಿಂದ ಹಣ ಕಟ್ಟಬೇಕಾಗಿಲ್ಲ, ಕಂಪನಿಯೇ ನೇರವಾಗಿ ಕಟ್ಟುತ್ತದೆ. ಬೆಲೆ ಬ್ರೋಕರ್ ಹೇಳಿದ್ದಕ್ಕಿಂತ ಹೆಚ್ಚು. ಎಲ್ಲವೂ ಬರಹದಲ್ಲಿತ್ತು.

ಎರಡು ವರ್ಷ ಹೃದಯಕ್ಕಿಲ್ಲದ ವಿಮೆ ಯಾಕೆ ಎಂದು ನಾನೇ ತಕರಾರು ತೆಗೆದೆ. ತಿಪ್ಪೇಸ್ವಾಮಿ ತಲೆಯಾಡಿಸಿದರು.

“ಈ ಹಿಂದಿ ಅಮ್ಮಗೆ ಇಲ್ಲ ಅನ್ನಾಕೆ ಬರ್ತೈತೆ. ಅದಕ್ಕೇ ಈಯಮ್ಮ ಹೌದು ಅಂದದ್ದನ್ನ ನಂಬ್ತೀನಿ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಮತ್ತೆ ಫೋನ್ ಎತ್ತಿಕೊಂಡರು. ಶೇಖನಿಗೂ ಹೇಳುತ್ತೇನೆ ಎಂದರು. ನಾನು ಬೇಡವೇ ಬೇಡ ಎಂದೆ. ವಿಮಾ ಕಂಪನಿಗೆ ಹೇಳಿದ್ದು ಮಾಲೀಕನಿಗೆ ತಿಳಿಯುವುದಿಲ್ಲ, ಕಾನೂನೂ ಕೇಳುವುದಿಲ್ಲ, ಉಳಿಸಿಕೊಳ್ಳಬೇಕೆಂದು ಇಷ್ಟೆಲ್ಲ ಮಾಡಿದ ಕೆಲಸವನ್ನು ಕೊನೆ ಗಳಿಗೆಯಲ್ಲಿ ಯಾಕೆ ಪಣಕ್ಕಿಡುತ್ತೀರಿ ಎಂದು ವಾದಿಸಿದೆ.

“ಅವ್ನ ಮಂದೆ ನನ್ನ ನಂಬಿಕಂಡೈತೆ ಕಣವ್ವ. ನಾನು ಬಯಲಾಗೆ ಬಿದ್ರೆ ಅವು ಎಲ್ಲಿಗೆ ಹೋಗ್ತವೆ?”

ಅರಬ್ಬಿಯಲ್ಲಿ ಮಾತಾಡಿದರು. ನನಗೆ ಒಂದು ಪದವೂ ತಿಳಿಯಲಿಲ್ಲ. ಓಬಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆ ಕಡೆಯಿಂದ ಒಂದು ಒರಟು ದನಿ ಏನೋ ಬೈದಂತೆ ಕೇಳಿಸಿತು. ತಿಪ್ಪೇಸ್ವಾಮಿ ಫೋನ್ ಇಟ್ಟು ಕನ್ನಡಕ ತೆಗೆದು ಒರೆಸಿಕೊಂಡರು.

“ಸ್ಟೆಂಟ್ ಇಟ್ಕಂಡು ಮೇವಿನ ಮೂಟೆ ಯಾಕೆ ಎತ್ತಿದೆ ಅಂತ ಬೈದ. ಇನ್ನು ಮ್ಯಾಲೆ ಎತ್ತಾಕೆ ಒಬ್ಬ ಆಳು ಕೊಡ್ತಾನಂತೆ. ಬಾ ಅಂದ.”

ಮರುವರ್ಷ ಅವರಿಗೆ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆ ಆಯಿತು. ಹೊಟ್ಟೆಯ ಮೇಲ್ಭಾಗದ ನೋವು ಎದೆಗೂ ಏರಿದ್ದರಿಂದ, ಇದು ಹೃದಯದ್ದಲ್ಲವಷ್ಟೇ ಎಂದು ಕಂಪನಿ ಕೇಳಿತು. ಇಂಥ ಪ್ರಶ್ನೆಯಲ್ಲೇ ನನ್ನ ಎಷ್ಟೋ ಕ್ಲೇಮ್‌ಗಳು ಮುಳುಗಿವೆ. ಈ ಸಲ ಹಳೆಯ ವರದಿಗಳೆಲ್ಲ ಮೊದಲೇ ಕಂಪನಿಯವರ ಬಳಿ ಇದ್ದವು. ಹೋಲಿಸಿ ನೋಡಿ ಅದೇ ದಿನ ಒಪ್ಪಿಗೆ ಕೊಟ್ಟರು. ನಾನು ವಾದಕ್ಕೆ ತಯಾರಾಗಿ ಕುಳಿತದ್ದು ವ್ಯರ್ಥವಾಯಿತು.

ನನ್ನ ಅನುಮಾನ ಹೋಗಿಲ್ಲ, ಹೋಗುವುದೂ ಬೇಡ. ಅದು ಕೂರುವ ಜಾಗ ಬದಲಾಗಿದೆ ಅಷ್ಟೇ. ಆಗ ಕ್ಲೇಮ್ ಬಿದ್ದುಹೋದ ಮೇಲೆ ಅನುಮಾನಿಸುತ್ತಿದ್ದೆ, ಈಗ ಸಹಿ ಹಾಕುವ ಮೊದಲು. ಪರದೇಶದಲ್ಲಿರುವ ಹಿರಿಯರು ಯಾವ ವಿಮೆ ಒಳ್ಳೆಯದು ಎಂದು ಕೇಳಿದರೆ, ನಿಮ್ಮ ಕಾಯಿಲೆಯನ್ನು ಮೊದಲು ಹೇಳಿ ನೋಡಿ, ಆಮೇಲೂ ಯಾರು ನಿಂತು ಮಾತಾಡುತ್ತಾರೆ ಎಂದು ಗಮನಿಸಿ ಎನ್ನುತ್ತೇನೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಿಪ್ಪೇಸ್ವಾಮಿ ಫೋನ್ ಮಾಡಿದರು. ಹಿಂದೆ ಕುರಿಗಳ ಸದ್ದು. ನಿಮ್ಮಪ್ಪನಿಗೆ ವಿಮೆ ಮಾಡಿಸಿದೆಯಾ ಎಂದು ಕೇಳಿದರು. ಮಾಡಿಸಿದೆ ಎಂದೆ.

“ಎಲ್ಲಾ ಹೇಳಿದ್ಯಾ?”

ಸಕ್ಕರೆ ಕಾಯಿಲೆ ಹೇಳಿದೆ, ಬಿಪಿ ಹೇಳಿದೆ, ಅಮ್ಮನಿಗೆ ಗೊತ್ತಿಲ್ಲದಂತೆ ಬೀಡಿ ಸೇದುವುದನ್ನೂ ಹೇಳಿದೆ ಎಂದೆ.

“ಹಂಗಾದ್ರೆ ಮಂದೆಗೆ ಬಿಡವ್ವ,” ಎಂದರು.