ಮುಯ್ಯಿಗೆ ಕಲಿತ ಇಂಗ್ಲಿಷು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಶಾಲೆಯವರು ಬಿಡಿಸಲಿಲ್ಲ, ನಾನೇ ಬಿಟ್ಟೆ. ಈ ವ್ಯತ್ಯಾಸವನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ದುಡಿದು ಸ್ವಂತ ಟ್ರ್ಯಾಕ್ಟರ್ ಮಾಡಿಕೊಂಡೆ. ನಮ್ಮೂರು ಸೊಕ್ಕೆಯ ಸುತ್ತಲಿನ ಹೊಲಗಳಿಗೆ ಬಿತ್ತನೆಗೆ ಕರೆಯುವುದು ನನ್ನನ್ನೇ.

ಇಂಥವನ ಮಗಳು ಪಿಯುಸಿಯ ಇಂಗ್ಲಿಷಿನಲ್ಲಿ ಫೇಲಾದಳು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಜೂನ್‌ನಲ್ಲಿ ಮೂರನೇ ಅವಕಾಶವೊಂದಿತ್ತು.

"ಅಪ್ಪ, ನಾನಿನ್ನು ಬರೆಯಾಕೆ ಹೋಗಲ್ಲ. ನೀನೂ ಶಾಲೆ ಬಿಟ್ಟೋನೇ. ನಿಂಗೇನು ಕಡಿಮೆ ಆಗೈತೆ?"

ಇಷ್ಟು ವರ್ಷ ನನ್ನ ಹೆಮ್ಮೆಯನ್ನು ತುತ್ತಿನ ಜೊತೆ ಅವಳಿಗೆ ಉಣ್ಣಿಸಿದವನು ನಾನೇ. ಕಡಿಮೆ ಆಗಿದೆ ಅನ್ನಲು ನಾಲಿಗೆ ಏಳಲಿಲ್ಲ. ಆಗಿಲ್ಲ ಅಂದರೆ ಅವಳ ಓದು ಅಲ್ಲಿಗೇ ಮುಗಿಯಿತು.

"ಬರೀಬ್ಯಾಡ ಬಿಡು. ನಂಗಾದ್ರೂ ಕಲಿಸು. ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕ ಇಂಗ್ಲಿಷಿನಾಗೈತೆ, ಓದಾಕೆ ಬೇಕು" ಅಂದೆ.

"ಪುಕ್ಕಟೆ ಕಲಿಸಲ್ಲ. ಮುಯ್ಯಿ ಆದ್ರೆ ಸೈ. ಒಂದು ಪಾಠಕ್ಕೆ ಒಂದು ಸಲ ಸ್ಟೇರಿಂಗು."

ಮುಯ್ಯಿ ಅಂದಮೇಲೆ ನಮ್ಮ ಕಡೆ ಮಾತು ಮುಗಿಯಿತು. ಇವತ್ತು ನೀನು ನನ್ನ ಹೊಲದ ಕಳೆ ಕಿತ್ತರೆ ನಾಳೆ ನಾನು ನಿನ್ನ ಹೊಲದ ತೆನೆ ಮುರಿಯಬೇಕು, ಕೂಲಿಯ ಪ್ರಸ್ತಾಪವಿಲ್ಲ. ಮುಯ್ಯಿ ತೀರಿಸದವನಿಗೆ ಊರಲ್ಲಿ ಚಹಾ ಸಿಗಬಹುದು, ಮರ್ಯಾದೆ ಸಿಗದು. ಒಪ್ಪಿದೆ. ಕಲಿಸಬೇಕಾದರೆ ಅವಳೇ ಮೊದಲು ಓದಿಕೊಳ್ಳಬೇಕಲ್ಲ! ನನ್ನ ಜಾಣತನಕ್ಕೆ ನಾನೇ ಮೀಸೆ ತಿರುವಿಕೊಂಡೆ.

ಅವಳಿಗೆ ಎರಡೂ ಸಲ ಕೈಕೊಟ್ಟಿದ್ದು ಎರಡು ವಾಕ್ಯಗಳನ್ನು ಹೊಲಿದು ಒಂದು ಮಾಡುವ ಪಾಠ. ಅವನು ಕೆಲಸ ಮುಗಿಸಿದನು, ಅವನು ಮನೆಗೆ ಹೋದನು ಎಂಬುದನ್ನು 'ಹ್ಯಾವಿಂಗ್ ಫಿನಿಷ್ಡ್ ದಿ ವರ್ಕ್, ಹಿ ವೆಂಟ್ ಹೋಮ್' ಅನ್ನಬೇಕಂತೆ. ಕೆಲಸ ಮುಗಿಸಿ ಮನೆಗೆ ಹೋದ, ಅಷ್ಟೇ. ನಮ್ಮವ್ವ ಎದ್ದು, ಕಸ ಗುಡಿಸಿ, ನೀರು ತಂದು, ರೊಟ್ಟಿ ತಟ್ಟಿ, ಎಮ್ಮೆ ಹಿಂಡಿ, ಅಪ್ಪನನ್ನು ಬೈದು ಹೊಲಕ್ಕೆ ಹೋಗುತ್ತಿದ್ದಳು. ಅಷ್ಟಕ್ಕೂ ಒಂದೇ ವಾಕ್ಯ ಸಾಕಾಗುತ್ತಿತ್ತು, ಯಾರೂ ಪರೀಕ್ಷೆ ಇಟ್ಟಿರಲಿಲ್ಲ.

"'ಸೀಯಿಂಗ್ ದಿ ಪೊಲೀಸ್, ದಿ ಥೀಫ್ ರ್‍ಯಾನ್ ಅವೇ.' ಹೇಳಪ್ಪ, ಏನು?"

"ಪೊಲೀಸ್ನೋರ್ನ ನೋಡಿ ಕಳ್ಳ ಓಡಿದ. ಹಳೇ ಪುಸ್ತಕ ಇರಬೇಕವ್ವ. ಈಗಿನ ಕಳ್ಳ ನಿಂತು ಕೈ ಕುಲುಕ್ತಾನೆ."

"ಮಾತು ಕಡಿಮೆ ಮಾಡು. ನೀನೇ ಒಂದು ಹೇಳು."

"ಡ್ರೈವಿಂಗ್ ದಿ ಟ್ರ್ಯಾಕ್ಟರ್, ದಿ ಬಫಲೋ ಕೇಮ್."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಮ್ಮೇನೇ ಟ್ರ್ಯಾಕ್ಟರ್ ಓಡಿಸ್ತಾ ಬಂತು ಅಂತ ಆತು ಕಣಪ್ಪ!"

ಹೀಗೆ ಬೇಸಿಗೆಯಿಡೀ ಕಲಿತೆ. ಅವಳ ಬೆರಳಿಗೆ ಮತ್ತೆ ಶಾಯಿ ಹತ್ತಿತು, ಪರೀಕ್ಷೆಗೆ ಕಟ್ಟಿಯೂ ಬಂದಳು. ಮುಯ್ಯಿಯನ್ನು ಮಾತ್ರ ನಾನು ಮನೆಯ ಹಿಂದಿನ ಕಣದಲ್ಲೇ ತೀರಿಸುತ್ತಿದ್ದೆ. ಟ್ರ್ಯಾಕ್ಟರ್ ಹತ್ತಿಸಿ, ನಾಲ್ಕು ಸುತ್ತು ಹೊಡೆಸಿ, ಇಳಿಸಿಬಿಡುತ್ತಿದ್ದೆ. ಬಿತ್ತನೆಗೆ ಬಿಟ್ಟರೆ ಸಾಲು ಸೊಟ್ಟಗಾಗುತ್ತದೆ. ಸೊಟ್ಟಗಾದ ಸಾಲು ಮೆಕ್ಕೆಜೋಳ ಕೊಯ್ಯುವವರೆಗೂ ರಸ್ತೆಗೆ ಮುಖಮಾಡಿ ನಿಂತಿರುತ್ತದೆ. ದಾರ ಹಿಡಿದಂಥ ಸಾಲು ಕಂಡರೆ ನನ್ನದೆಂದು ಬಸ್ಸಿನಲ್ಲಿ ಕೂತವರೂ ಗುರುತಿಸುತ್ತಿದ್ದ ಕಾಲ ಅದು.

ಇಂಗ್ಲಿಷ್ ಪರೀಕ್ಷೆಗೆ ಇನ್ನೊಂದೇ ದಿನವಿದ್ದಾಗ ಬಿತ್ತನೆಗೆ ಹದ ಬಂತು. ಕೂರಿಗೆ ಕಟ್ಟಿ ರಸ್ತೆ ಪಕ್ಕದ ನಮ್ಮ ಹೊಲಕ್ಕೆ ಹೊರಟರೆ ಮಗಳು ಅಡ್ಡ ನಿಂತಳು.

"ನಾಳೆ ಜಗಳೂರಿಗೆ ಪರೀಕ್ಷೆಗೆ ಹೋಗಲ್ಲ."

"ಯಾಕವ್ವ?"

"ಮುಯ್ಯಿ ತೀರಿಲ್ಲ. ನಾನು ಕೊಟ್ಟಿದ್ದು ಪಾಠ. ನೀನು ಕೊಟ್ಟಿದ್ದು ಗಾಣದೆತ್ತಿನಂಗೆ ಸುತ್ತು. ಈ ಹೊಲ ನಾನು ಬಿತ್ತಬೇಕು."

"ಸಾಲು ಸೊಟ್ಟ ಆದ್ರೆ ಹೆಂಗೆ?"

"ನಿನ್ನ ಇಂಗ್ಲಿಷು ನೆಟ್ಟಗಿತ್ತೇನು? ನಾನು ಸುಮ್ನೆ ಕೇಳಿಸ್ಕೊಳ್ಲಿಲ್ವಾ?"

ಸೀಟು ಬಿಟ್ಟುಕೊಟ್ಟೆ. ಬೀಜ ಸರಿಯಾಗಿ ಇಳಿಯುತ್ತಿದೆಯೋ ಎಂದು ನೋಡಲು ಆಳು ನಿಲ್ಲುವ ಜಾಗದಲ್ಲಿ, ಕೂರಿಗೆಯ ಹಿಂದೆ, ನಾನು ನಿಂತೆ. ಎದುರಿನ ಚಹಾದಂಗಡಿಯವನು ಗ್ಲಾಸು ತೊಳೆಯುವುದನ್ನೇ ನಿಲ್ಲಿಸಿದ.

"ಏನ್ರೀ ಯಜಮಾನ್ರೆ, ಪ್ರಮೋಷನ್ ಆತಾ? ಹಿಂದಕ್ಕೆ ಹತ್ತೀರಿ!"

"ಮುಂದೆ ನೋಡ್ರಿ, ಸಾಹೇಬ್ರು ಕೂತಾರೆ" ಅಂದೆ. ನಗಲು ಪ್ರಯತ್ನಿಸಿದೆ.

ಮೊದಲ ಸಾಲು ಹೇಗೋ ಹೋಯಿತು. ಮುಂದಿನವು ಬದುವಿನ ಬೇವಿನ ಮರದ ಕಡೆ ಬಾಗಿದವು. ಅಲ್ಲಿಂದಾಚೆ ಮಳೆನೀರು ಹರಿದ ಹಾಗೆ ತಮಗೆ ಬೇಕಾದಲ್ಲಿ ಹರಿದವು. ಸ್ಟೇರಿಂಗಿಗೆ ಕೈ ಹಾಕಲು ನನ್ನ ಕೈ ತುರಿಸುತ್ತಿತ್ತು. ಕೂರಿಗೆಯ ಕಂಬಿಯನ್ನೇ ಬಿಗಿಯಾಗಿ ಹಿಡಿದುಕೊಂಡೆ.

ಮರುದಿನ ಅವಳು ಬಸ್ಸು ಹತ್ತಿ ಹೋಗಿ ಬರೆದು ಬಂದಳು. ಪಾಸಾದಳು.

ಮೆಕ್ಕೆಜೋಳವೂ ಬಿತ್ತಿದ ಹಾಗೆಯೇ ಎದ್ದಿದೆ. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ, "ಏನಾತ್ರೀ ಈ ವರ್ಷ ನಿಮಗೆ?" ಎಂದು ಕೂಗುತ್ತಾರೆ.

"ಮಗಳ ಬಿತ್ತನೆ. ಇಂಗ್ಲಿಷಿನಾಗೆ ಪಾಸಾಗ್ಯಾಳೆ" ಅನ್ನುತ್ತೇನೆ.

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಈವರೆಗೆ ಯಾರೂ ಕೇಳಿಲ್ಲ. ಇಂಗ್ಲಿಷ್ ಅಂದ ಕೂಡಲೇ ನಮ್ಮ ಕಡೆ ಮುಂದಿನ ಪ್ರಶ್ನೆ ಗಂಟಲಲ್ಲೇ ನಿಲ್ಲುತ್ತದೆ.